ಉಕ್ಕಿನ ಕಾಡತೂಸಿನಿಂದ ಪಿಸ್ತೂಲು ಸವೆಯುತ್ತದೆಯೇ? ನೋಡುವ ಬಗೆ, ಕಾಯುವ ಬಗೆ

ಹೋದ ವರ್ಷ ತೊಗರಿ ರಾಶಿ ಮುಗಿಯುವ ಹೊತ್ತಿಗೆ ಚಿಂಚೋಳಿ ಕಡೆಯ ಗುತ್ತಿಗೆದಾರರೊಬ್ಬರು ಕಲಬುರಗಿಯ ನಮ್ಮ ಮನೆಗೆ ಬಂದರು. ಚೀಲದಲ್ಲಿ ಪರವಾನಗಿ ಪುಸ್ತಕ, ಅದರ ಕೆಳಗೆ .32 ಪಿಸ್ತೂಲು. ‘ಹವಾಲ್ದಾರ್ ಸಾಹೇಬರೆ, ಅಂಗಡಿಯವನು ಕಬ್ಬಿಣದ ಕಾಡತೂಸು ಕೊಟ್ಟು ನನ್ನ ಪಿಸ್ತೂಲು ಹಾಳು ಮಾಡಿದ್ದಾನೆ, ನೋಡಿರಿ’ ಎಂದರು. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡನ್ನು ಎಳೆದರೆ ಬೆಲ್ಲದ ಪಾಕದಲ್ಲಿ ಸಿಕ್ಕಿಕೊಂಡಂತೆ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು.

ಕಾಡತೂಸು ತುಂಬುವ ಮ್ಯಾಗಜೀನ್ ಹೊರಗೆ ತೆಗೆಸಿದೆ. ನಳಿಕೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಚೇಂಬರ್ ಖಾಲಿ ಇದೆಯೆಂದು ಅವರ ಕೈಯಿಂದಲೇ ತೋರಿಸಿಕೊಂಡೆ. ಆಮೇಲೆ ಕಾಡತೂಸುಗಳನ್ನು ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಸಾಲಾಗಿ ಇಡಿಸಿ, ಹಳೆಯ ರೇಡಿಯೊ ಸ್ಪೀಕರಿನಿಂದ ಕಿತ್ತಿಟ್ಟುಕೊಂಡಿದ್ದ ಆಯಸ್ಕಾಂತವನ್ನು ಒಂದೊಂದರ ಕೇಸಿಗೂ, ಅಂದರೆ ಹೊರಕೋಶಕ್ಕೂ, ತಾಗಿಸಿದೆ. ಒಂದೂ ಹಿಡಿಯಲಿಲ್ಲ. ಎಲ್ಲವೂ ಅಪ್ಪಟ ಹಿತ್ತಾಳೆ, ತಳದಲ್ಲಿ ಖಡ್ಕಿ ಕಾರ್ಖಾನೆಯ ಕೆ.ಎಫ್. ಮುದ್ರೆ.

‘ಯಾವ ಎಣ್ಣೆ ಹಾಕುತ್ತೀರಿ?’

‘ಮನೆಯದೇ. ಗಾಣದ ಕುಸುಬೆ ಎಣ್ಣೆ, ಕಲಬೆರಕೆ ಇಲ್ಲದ್ದು.’

ರೋಗ ಸಿಕ್ಕಿತು. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಪದರಗಟ್ಟುವ ಜಾತಿಯದು. ಬಣ್ಣ, ವಾರ್ನಿಷ್ ತಯಾರಿಸುವವರು ಅದನ್ನು ಬಳಸುವುದೇ ಆ ಗುಣಕ್ಕಾಗಿ. ಸ್ಲೈಡು ಜಾರುವ ತೋಡಿನಲ್ಲಿ ಅದು ಜೇನುಬಣ್ಣದ ಅಂಟಾಗಿ, ಮೇಲೆ ಕರಿಮಣ್ಣಿನ ದೂಳು ಕೂತು, ಒಳ್ಳೆಯ ಗಾರೆಯೇ ಆಗಿತ್ತು.

ನಾನು ಸೇನೆಯ ಯಂತ್ರೋಪಕರಣ ನೋಡಿಕೊಳ್ಳುವ ಇಎಂಇ ದಳದಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿಯವನು, ಆಗಿದ್ದವನು. ನಿವೃತ್ತನಾದ ಮೇಲೆ ರಿಪೇರಿ ಮಾಡುವುದಿಲ್ಲ, ಅದಕ್ಕೂ ಬೇರೆ ಪರವಾನಗಿ ಬೇಕು. ಆದರೆ ಕೇಳಿದವರಿಗೆ ನೋಡಿ ಹೇಳುತ್ತೇನೆ. ಈಚೆಗೆ ಹೆಚ್ಚು ಬರುವ ಪ್ರಶ್ನೆ ಇದೇ: ಉಕ್ಕಿನ ಕೇಸಿನ ಕಾಡತೂಸು ಪಿಸ್ತೂಲಿಗೆ ಕೇಡೇ? ಡಲ್ಲಾಸ್‌ನಲ್ಲಿರುವ ನಮ್ಮ ಅಣ್ಣನ ಮಗ ಬೂದುಬಣ್ಣದ ಕಾಡತೂಸಿನ ಪೆಟ್ಟಿಗೆಯ ಫೋಟೊ ಕಳಿಸಿ, ‘ಕಾಕಾ, ಅಗ್ಗಕ್ಕೆ ಸಿಕ್ಕಿವೆ, ನನ್ನ 9 ಎಂಎಂಗೆ ಹಾಕಲೇ?’ ಎಂದು ಕೇಳಿದ್ದ. ಅವನಿಗೆ ಬರೆದ ಉತ್ತರವನ್ನೇ ನಮ್ಮ ಭಾಗದವರಿಗೆ ಹೊಂದುವಂತೆ ಬಿಡಿಸಿ ಬರೆಯುತ್ತಿದ್ದೇನೆ.

ಚುಟುಕಾಗಿ ಹೇಳುವುದಾದರೆ: ಕೇಸು ಉಕ್ಕಿನದು ಎಂಬ ಒಂದೇ ಕಾರಣಕ್ಕೆ ಪಿಸ್ತೂಲಿಗೆ ಆಗುವ ಹಾನಿ ತೀರ ಕಡಿಮೆ. ಗುಂಡಿನ ಹೊದಿಕೆ, ಮದ್ದಿಗೆ ಕಿಡಿ ಹಚ್ಚುವ ಪ್ರೈಮರಿನ ಉಪ್ಪು, ಒರೆಸದೆ ಬಿಟ್ಟ ಮಸಿ, ಈ ಮೂರರ ಹಾನಿ ಹೆಚ್ಚು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಬೈಗುಳ ಮಾತ್ರ ಕೇಸಿಗೆ.

ಯಾವುದು ಯಾವುದಕ್ಕೆ ಉಜ್ಜುತ್ತದೆ

ಕಾಡತೂಸಿನಲ್ಲಿ ನಾಲ್ಕು ಭಾಗ: ಹೊರಗೆ ಹಾರುವ ಗುಂಡು, ಒಳಗಿನ ಮದ್ದು, ತಳದ ಪ್ರೈಮರ್, ಇಷ್ಟನ್ನೂ ಹಿಡಿದಿಡುವ ಕೇಸು. ಹಾರಿಸಿದ ಮೇಲೆ ಉಳಿಯುವ ಖಾಲಿ ಕೇಸನ್ನು ನಾವು ಖೋಖಾ ಎನ್ನುತ್ತಿದ್ದೆವು. ನಳಿಕೆಯ ಒಳಗಿನ ಸುರುಳಿಗೆರೆಗಳಿಗೆ ಉಜ್ಜುವುದು ಗುಂಡು ಮಾತ್ರ. ಕೇಸು ಆ ಗೆರೆಗಳನ್ನು ಮುಟ್ಟುವುದೇ ಇಲ್ಲ, ಚೇಂಬರಿನಲ್ಲೇ ಕೂತಿದ್ದು ಹಿಂದಕ್ಕೆ ಬರುತ್ತದೆ. ಆದ್ದರಿಂದ ‘ಉಕ್ಕಿನ ಕೇಸು ನಳಿಕೆಯನ್ನು ತಿಂದಿತು’ ಎಂಬ ಮಾತು ನಿಲ್ಲುವುದಿಲ್ಲ.

ಕೇಸಿಗೆ ಬಳಸುವುದು ಮೆತ್ತನೆಯ ಉಕ್ಕು. ಚೇಂಬರ್, ಕೇಸನ್ನು ಹೊರಗೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರ್‌ಗಳದ್ದು ಹದಗೊಳಿಸಿದ ಗಟ್ಟಿ ಮಿಶ್ರ ಉಕ್ಕು. ಮೆತ್ತನೆಯದು ಗಟ್ಟಿಯದಕ್ಕೆ ಉಜ್ಜಿದಾಗ ಮೊದಲು ಸವೆಯುವುದು ಮೆತ್ತನೆಯದೇ. ಬೀದರಿನ ಬಿದರಿ ಕುಶಲಕರ್ಮಿ ಸತುವಿನ ಹೂಜಿಯ ಮೇಲೆ ಉಳಿಯಿಂದ ಬಳ್ಳಿ ಕೊರೆಯುವುದನ್ನು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಉಳಿಯನ್ನೂ ಆಗಾಗ ಸಾಣೆ ಹಿಡಿಯುತ್ತಾರೆ ನಿಜ, ಆದರೆ ಅದು ಎಷ್ಟೋ ಕೆಲಸದ ನಂತರ. ಬಿದರಿಯ ಮಾತು ಬಂತೆಂದು ಇನ್ನೊಂದು: ಬಿದರಿಯಲ್ಲಿ ಸತುವೇ ಬಹುಪಾಲು, ತಾಮ್ರ ಸ್ವಲ್ಪ. ಕಾಡತೂಸಿನ ಹಿತ್ತಾಳೆ ಅದರ ತಿರುಗುಮುರುಗು, ತಾಮ್ರ ನೂರಕ್ಕೆ 70, ಸತು 30.

ಹಾಗಿದ್ದರೆ ಹಿತ್ತಾಳೆಗೇ ಏಕೆ ಮರ್ಯಾದೆ? ಅದರ ಹಿಗ್ಗುವ ಗುಣಕ್ಕಾಗಿ. ಮದ್ದು ಉರಿದಾಗ ಹಿತ್ತಾಳೆ ಕೇಸು ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಂಡು ಹೊಗೆ ಹಿಂದೆ ಬಾರದಂತೆ ತಡೆಯುತ್ತದೆ, ಒತ್ತಡ ಇಳಿದೊಡನೆ ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಉಕ್ಕು ಅಷ್ಟು ಚೆನ್ನಾಗಿ ಅಂಟಿಕೊಳ್ಳುವುದಿಲ್ಲ, ಅಷ್ಟು ಚೆನ್ನಾಗಿ ಕುಗ್ಗುವುದೂ ಇಲ್ಲ. ಕೇಸಿಗೂ ಗೋಡೆಗೂ ನಡುವೆ ಮಸಿ ನುಗ್ಗುತ್ತದೆ. ಉಕ್ಕಿನ ಕೇಸಿನ ನಿಜವಾದ ತಕರಾರು ಇಷ್ಟೇ: ಹೆಚ್ಚು ಮಸಿ, ಹೊರಬರುವಾಗ ಸ್ವಲ್ಪ ಹೆಚ್ಚು ಬಿಗಿ.

ಎರಡನೆಯ ಮಹಾಯುದ್ಧದಲ್ಲಿ ತಾಮ್ರ ಸಾಲದಾದಾಗ ಜರ್ಮನಿ, ಸೋವಿಯತ್ ಒಕ್ಕೂಟಗಳು ಉಕ್ಕಿನ ಕೇಸಿಗೆ ಅರಗಿನಂಥ ಲೇಪ ಬಳಿದು ಯುದ್ಧ ನಡೆಸಿದವು. ಅಮೆರಿಕದ ಇವಾನ್ಸ್‌ವಿಲ್‌ನಲ್ಲಿ ಕ್ರೈಸ್ಲರ್ ಕಾರು ಕಂಪನಿ .45 ಪಿಸ್ತೂಲಿಗೆ ಉಕ್ಕಿನ ಕೇಸಿನ ಕಾಡತೂಸುಗಳನ್ನು ಕೋಟಿಗಟ್ಟಲೆ ಮಾಡಿಕೊಟ್ಟಿತು. ರಷ್ಯನ್ನರ ಮಕರೋವ್ ಪಿಸ್ತೂಲಂತೂ ಹೆಚ್ಚಾಗಿ ತಿಂದದ್ದು ಉಕ್ಕಿನ ಕೇಸನ್ನೇ.

ಮೊದಲು ಖಾಲಿ ಮಾಡಿ

ಈ ಕೆಲಸದಲ್ಲಿ ಅನುಭವಿ, ಹೊಸಬ ಎಂಬ ಭೇದವಿಲ್ಲ. ನಳಿಕೆಯ ಬಾಯಿ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರಿನ ಹೊರಗೆ. ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಸ್ಲೈಡ್ ಎಳೆಯಿರಿ. ಈ ಕ್ರಮ ತಿರುಗುಮುರುಗಾದರೆ ಮ್ಯಾಗಜೀನಿನಿಂದ ಮತ್ತೊಂದು ಕಾಡತೂಸು ಚೇಂಬರಿಗೆ ಏರಿ ಕೂರುತ್ತದೆ, ನೀವು ಖಾಲಿ ಎಂದುಕೊಂಡಿರುತ್ತೀರಿ. ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ಕಾಡತೂಸುಗಳನ್ನು ಬೇರೆ ಕೋಣೆಯಲ್ಲಿಡಿ. ಮಕ್ಕಳು ಮನೆಯಲ್ಲಿದ್ದರೆ ಈ ಕೆಲಸವನ್ನು ಇನ್ನೊಂದು ದಿನಕ್ಕೆ ಮುಂದೂಡುವುದೇ ಲೇಸು.

ಆಯಸ್ಕಾಂತ ಏನು ಹೇಳುತ್ತದೆ

ಬಣ್ಣ ನಂಬಬೇಡಿ. ಬೆಳ್ಳಿಯಂತೆ ಹೊಳೆಯುವುದು ನಿಕಲ್ ಲೇಪದ ಹಿತ್ತಾಳೆಯಾಗಿರಬಹುದು, ಅಲ್ಯೂಮಿನಿಯಮ್ಮೂ ಆಗಿರಬಹುದು. ಹಳದಿಯಾಗಿ ಕಾಣುವುದು ಹಿತ್ತಾಳೆಯ ತೆಳುಲೇಪ ಹೊದ್ದ ಉಕ್ಕಾಗಿರಬಹುದು. ಒಂದು ಸಣ್ಣ ಆಯಸ್ಕಾಂತ ಸಾಕು, ಆದರೆ ಎರಡು ಜಾಗದಲ್ಲಿ ತಾಗಿಸಿ ನೋಡಬೇಕು.

ಒಮ್ಮೆ ಕೇಸಿನ ನಡುಭಾಗಕ್ಕೆ. ಗಟ್ಟಿಯಾಗಿ ಹಿಡಿದರೆ ಉಕ್ಕಿನ ಕೇಸು.

ಇನ್ನೊಮ್ಮೆ ಗುಂಡಿನ ತುದಿಗೆ. ಜನ ಮರೆಯುವುದು ಇದನ್ನೇ. ಒಳಗಿನ ಸೀಸ, ಹೊರಗಿನ ತಾಮ್ರ ಎರಡೂ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೂ ತುದಿ ಅಂಟಿತೆಂದರೆ ತಾಮ್ರ ಬರೀ ಮೇಲ್ಲೇಪ, ಅದರಡಿಯ ಹೊದಿಕೆ ಉಕ್ಕಿನದು ಎಂದು ತಿಳಿಯಬಹುದು. ಇದನ್ನು ಬೈಮೆಟಲ್ ಹೊದಿಕೆ ಎನ್ನುತ್ತಾರೆ. ನಳಿಕೆಯ ಗೆರೆಗಳನ್ನು ಸವೆಸುವ ಶಕ್ತಿ ಇರುವುದು ಇದಕ್ಕೆ. ಅಗ್ಗದ ಉಕ್ಕಿನ ಕೇಸುಗಳ ಜೊತೆ ಇಂಥ ಗುಂಡೇ ಹೆಚ್ಚಾಗಿ ಬರುವುದರಿಂದ ಗುಂಡಿನ ತಪ್ಪು ಕೇಸಿನ ತಲೆಗೆ ಬಂದಿದೆ.

2013ರಲ್ಲಿ ಲಕ್ಕಿ ಗನ್ನರ್ ಎಂಬ ಅಮೆರಿಕದ ಕಾಡತೂಸು ವ್ಯಾಪಾರಿಗಳು ನಾಲ್ಕು ಎಆರ್-15 ರೈಫಲ್ ತೆಗೆದುಕೊಂಡು, ತಲಾ 10,000 ಗುಂಡಿನ ಲೆಕ್ಕದಲ್ಲಿ ಪರೀಕ್ಷೆಗಿಳಿದು ಫಲಿತಾಂಶ ಪ್ರಕಟಿಸಿದ್ದರು. ಬೈಮೆಟಲ್ ಗುಂಡು ಹಾರಿಸಿದ ನಳಿಕೆಗಳ ಗೆರೆಗಳು ಲೆಕ್ಕ ಮುಗಿಯುವ ಮೊದಲೇ ಸವೆದುಹೋಗಿದ್ದವು. ಹಿತ್ತಾಳೆ ಕೇಸು, ತಾಮ್ರದ ಹೊದಿಕೆಯ ಗುಂಡು ತಿಂದ ನಳಿಕೆಗೆ ಇನ್ನೂ ಆಯುಸ್ಸಿತ್ತು. ‘ಉಕ್ಕು ಕೆಟ್ಟದ್ದು’ ಎನ್ನುವವರು ಈ ಪರೀಕ್ಷೆಯನ್ನೇ ಮುಂದೆ ಹಿಡಿಯುತ್ತಾರೆ. ಆದರೆ ಅದು ರೈಫಲಿನ ಲೆಕ್ಕ. ಆ ರೈಫಲಿನ ಚೇಂಬರ್ ಒತ್ತಡ ಚದರ ಅಂಗುಲಕ್ಕೆ ಸುಮಾರು 55,000 ಪೌಂಡ್, ಗುಂಡಿನ ವೇಗ ಸೆಕೆಂಡಿಗೆ 900 ಮೀಟರಿನ ಆಸುಪಾಸು. 9 ಎಂಎಂ ಪಿಸ್ತೂಲಿನ ಮಿತಿ 35,000 ಪೌಂಡ್. ನಮ್ಮ .32ರದ್ದು ಸುಮಾರು 20,500, ವೇಗ 300 ಮೀಟರಿಗಿಂತ ಕಡಿಮೆ. ಬಿಸಿ, ಒತ್ತಡ, ವೇಗ ಮೂರೂ ಕಡಿಮೆಯಾದಲ್ಲಿ ಸವೆತವೂ ಕಡಿಮೆ. ನಮ್ಮ ಭಾಗದ ಪರವಾನಗಿದಾರರು ಇಡೀ ಜೀವಮಾನದಲ್ಲಿ ಹಾರಿಸುವ ಗುಂಡು ನೂರು ದಾಟಿದರೆ ಹೆಚ್ಚು. ಅವರ ನಳಿಕೆ ಮೊಮ್ಮಕ್ಕಳ ಕಾಲಕ್ಕೂ ಸವೆಯುವುದಿಲ್ಲ. ತುಕ್ಕು ಹಿಡಿದರೆ ಮಾತು ಬೇರೆ.

12 ಬೋರ್ ಬಂದೂಕು ಇರುವ ರೈತರಿಗೆ ಒಂದು ಮಾತು: ನಿಮ್ಮ ತೋಟಾದ ತಳದ ‘ಹಿತ್ತಾಳೆ’ ಟೊಪ್ಪಿಗೆಗೂ ಆಯಸ್ಕಾಂತ ಅಂಟಬಹುದು. ಅನೇಕ ತೋಟಾಗಳಲ್ಲಿ ಅದು ಲೇಪ ಕೊಟ್ಟ ಉಕ್ಕೇ. ಇಷ್ಟು ವರ್ಷ ಅದರಿಂದ ನಿಮಗೇನೂ ಆಗಿಲ್ಲ.

ತಳದ ಮುದ್ರೆ, ಕೊಂಡ ಜಾಗ

ಕೆ.ಎಫ್. ಎಂದರೆ ಪುಣೆಯ ಖಡ್ಕಿ ಕಾರ್ಖಾನೆ. ಊರನ್ನು ಬ್ರಿಟಿಷರು ಕಿರ್ಕೀ ಎನ್ನುತ್ತಿದ್ದರು, ಮುದ್ರೆಯಲ್ಲಿ ಆ ಹೆಸರು ಉಳಿಯಿತು. 2021ರಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿಯನ್ನು ಏಳು ಕಂಪನಿಗಳಾಗಿ ಒಡೆದಾಗ ಈ ಕಾರ್ಖಾನೆ ಮ್ಯುನಿಷನ್ಸ್ ಇಂಡಿಯಾ ಪಾಲಿಗೆ ಹೋಯಿತು.

ಪರವಾನಗಿ ಇರುವ ಅಂಗಡಿಯಿಂದ ರಸೀದಿ ಪಡೆದು, ಪುಸ್ತಕದಲ್ಲಿ ನಮೂದು ಮಾಡಿಸಿ ಕೊಂಡದ್ದನ್ನು ಬಿಟ್ಟು ಬೇರೇನನ್ನೂ ಪಿಸ್ತೂಲಿಗೆ ಹಾಕಬೇಡಿ. ‘ರಷ್ಯಾದ ಮಾಲು ಇದೆ, ಬಿಡಿಯಾಗಿ ಕೊಡುತ್ತೇನೆ’ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅದು ಉಕ್ಕೋ ಹಿತ್ತಾಳೆಯೋ ಎಂಬ ವಿಚಾರಣೆ ಆಮೇಲೆ ನ್ಯಾಯಾಲಯದಲ್ಲಿ ನಡೆದೀತು. 9 ಎಂಎಂ ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್ ಎಂಬುದೂ ನೆನಪಿರಲಿ. ಡಲ್ಲಾಸಿನ ಹುಡುಗನಿಗೆ ಸಲ್ಲುವುದು ಕಲಬುರಗಿಯವರಿಗೆ ಸಲ್ಲುವುದಿಲ್ಲ.

ಕಾಡತೂಸನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಹಿತ್ತಾಳೆಗೆ ಕಿಲುಬು, ಉಕ್ಕಿಗೆ ತುಕ್ಕು. ತೆಳುವಾದ ಕಿಲುಬು ಒಣಬಟ್ಟೆಗೆ ಹೋಗುತ್ತದೆ. ಉಗುರಿನಿಂದ ಕೆರೆದಾಗ ಗುಳಿ ತಾಗುವಷ್ಟು ತುಕ್ಕು ಹಿಡಿದ ಉಕ್ಕಿನ ಕೇಸನ್ನು ಹಾರಿಸಲೇಬಾರದು, ಆ ಜಾಗದಲ್ಲಿ ಗೋಡೆ ತೆಳುವಾಗಿರುತ್ತದೆ. ಗುಂಡು ಒಳಕ್ಕೆ ತಳ್ಳಿದಂತೆ ಗಿಡ್ಡಗೆ ಕಂಡರೂ ಅಷ್ಟೇ, ಅಂಗಡಿಗೆ ಹಿಂದಿರುಗಿಸಿ. ಕಾಡತೂಸಿಗೆ ಎಣ್ಣೆ ಮಾತ್ರ ಒರೆಸಬೇಡಿ. ಎಣ್ಣೆ ಪ್ರೈಮರಿನೊಳಗೆ ಇಳಿದರೆ ಹೊತ್ತಿಗೆ ಸರಿಯಾಗಿ ಸಿಡಿಯುವುದಿಲ್ಲ.

ಹಾರಿಸುವಾಗ

ಹಾರಿಸುವುದೆಂದರೆ ಗುರಿ ಅಭ್ಯಾಸಕ್ಕೆ ಅನುಮತಿ ಇರುವ ರೇಂಜಿನಲ್ಲಿ. ಹೊಲದ ಬದುವಿನಲ್ಲಿ ‘ಪರೀಕ್ಷೆ’ ಮಾಡುವಂತಿಲ್ಲ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಿದರೆ ಆಯುಧ ಕಾಯ್ದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಒಂದೇ ಸರದಿಯಲ್ಲಿ ಉಕ್ಕು, ಹಿತ್ತಾಳೆ ಬೆರೆಸಬೇಡಿ. ಉಕ್ಕಿನ ಕೇಸು ಬಿಟ್ಟ ಮಸಿಯ ಮೇಲೆ ಹಿತ್ತಾಳೆ ಕೇಸು ಉಬ್ಬಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಕೇಸಿನ ಅರಗು ಕರಗಿ ಚೇಂಬರಿಗೆ ಅಂಟಿತೆಂದು ಜನ ಹೇಳುವುದು ಹೆಚ್ಚಾಗಿ ಈ ಮಸಿಯನ್ನೇ ನೋಡಿ. ಎರಡನ್ನೂ ಹಾರಿಸಲೇಬೇಕಾದರೆ ಮೊದಲು ಹಿತ್ತಾಳೆ, ಆಮೇಲೆ ಉಕ್ಕು, ಕೊನೆಗೆ ಸ್ವಚ್ಛತೆ ಎಂಬ ಕ್ರಮ ಇಟ್ಟುಕೊಂಡರೆ ತೊಂದರೆ ಇಲ್ಲ.

ಟ್ರಿಗರ್ ಒತ್ತಿದರೂ ಸಿಡಿಯಲಿಲ್ಲವೇ? ಬಾಯಿ ಗುರಿಯ ಕಡೆಗೇ ಇರಲಿ, ಮನಸ್ಸಿನಲ್ಲಿ ಮೂವತ್ತು ಎಣಿಸಿ, ಆಮೇಲೆ ಸ್ಲೈಡ್ ಎಳೆಯಿರಿ. ತಡವಾಗಿ ಸಿಡಿಯುವ ಕಾಡತೂಸು ಅಪರೂಪ, ಆದರೆ ಒಮ್ಮೆ ಕಂಡವರು ಎಣಿಸುವುದನ್ನು ಬಿಡುವುದಿಲ್ಲ. ‘ಢಂ’ ಎನ್ನುವಲ್ಲಿ ‘ಪುಸ್’ ಎಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಕೆಯಲ್ಲೇ ಸಿಕ್ಕಿರಬಹುದು, ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಕೆ ಸೀಳುತ್ತದೆ.

ಖೋಖಾ ಚೇಂಬರಿನಲ್ಲಿ ಸಿಕ್ಕರೆ ಸ್ಲೈಡಿಗೆ ಸುತ್ತಿಗೆ ತೋರಿಸಬೇಡಿ. ಹಿತ್ತಾಳೆಯಾದರೆ ಅಂಚು ಹರಿದು ಎಕ್ಸ್‌ಟ್ರಾಕ್ಟರ್ ಉಳಿಯುತ್ತದೆ. ಉಕ್ಕಿನ ಅಂಚು ಹರಿಯುವುದಿಲ್ಲ, ಮುರಿಯುವುದು ಎಕ್ಸ್‌ಟ್ರಾಕ್ಟರಿನ ಕೊಕ್ಕೆ. ಉಕ್ಕಿನ ಕೇಸಿನಿಂದ ಪಿಸ್ತೂಲಿಗೆ ನೇರವಾಗಿ ಪೆಟ್ಟು ಬೀಳಬಹುದಾದ ಜಾಗ ಇದೊಂದೇ, ಅದೂ ನಮ್ಮ ಅವಸರದಿಂದ. ಅದು ಖಾಲಿ ಖೋಖಾವೇ ಹೌದೆಂದು ಖಚಿತವಿಲ್ಲದಿದ್ದರೆ ರೇಂಜಿನ ಅಧಿಕಾರಿಗೆ ಒಪ್ಪಿಸಿ.

ಕೊಕ್ಕೆಯನ್ನು ಹತ್ತಿರದಿಂದ ನೋಡುವುದು

ಎಕ್ಸ್‌ಟ್ರಾಕ್ಟರ್ ಎಂದರೆ ಸ್ಲೈಡಿನ ಪಕ್ಕದಲ್ಲಿ ಕೂತ, ಬೆಕ್ಕಿನ ಉಗುರಿನಷ್ಟು ಪುಟ್ಟ ಕೊಕ್ಕೆ. ಗಡಿಯಾರ ರಿಪೇರಿಯವರ ಭೂತಗನ್ನಡಿ ಇದ್ದರೆ ಒಳ್ಳೆಯದು. ಹಿಂದೆ ಸಣ್ಣ ಸ್ಪ್ರಿಂಗ್ ಇರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಟಕ್ಕನೆ ಮರಳಬೇಕು. ಕೊಕ್ಕೆಯ ಅಂಚು ಚೂಪಾಗಿ, ಒಂದೇ ಸಮನಾಗಿ ಕಾಣಬೇಕು. ದುಂಡಾಗಿದ್ದರೆ ಸವೆತ, ಹಲ್ಲು ಬಿದ್ದಂತೆ ಕಂಡರೆ ಚಕ್ಕೆ ಎದ್ದಿದೆ. ಅದರಡಿಯಲ್ಲಿ ಗಟ್ಟಿಯಾದ ಮಸಿಯೂ ಇರುತ್ತದೆ, ಹಲ್ಲುಕಡ್ಡಿಯಿಂದ ತೆಗೆಯಿರಿ, ಸೂಜಿಯಿಂದ ಬೇಡ. ಕೊಕ್ಕೆ ಸವೆದಿದೆ ಎಂದು ದೂರುವವರಲ್ಲಿ ಅರ್ಧಕ್ಕರ್ಧ ಜನರ ಕೊಕ್ಕೆ ಹಲ್ಲುಕಡ್ಡಿಗೇ ಗುಣವಾಗುತ್ತದೆ.

.32 ಪಿಸ್ತೂಲುಗಳಲ್ಲಿ ಬಹುಪಾಲು ಬ್ಲೋಬ್ಯಾಕ್ ಬಗೆಯವು. ಅವುಗಳಲ್ಲಿ ಖೋಖಾವನ್ನು ಹಿಂದಕ್ಕೆ ದಬ್ಬುವುದು ಮದ್ದಿನ ಒತ್ತಡವೇ. ಕೊಕ್ಕೆ ಜೊತೆಗಿರುತ್ತದೆ, ದಾರಿ ತೋರುತ್ತದೆ. ಅದರ ನಿಜವಾದ ದುಡಿಮೆ ಹಾರಿಸದ ಕಾಡತೂಸನ್ನು ಹೊರಗೆಳೆಯುವಾಗ. 9 ಎಂಎಂನಂಥ, ಹಾರಿಸುವ ಕ್ಷಣ ನಳಿಕೆಯೂ ಸ್ಲೈಡೂ ಒಂದಕ್ಕೊಂದು ಲಾಕ್ ಆಗುವ ಪಿಸ್ತೂಲುಗಳಲ್ಲಿ ಕೊಕ್ಕೆಯ ಮೇಲಿನ ಭಾರ ಹೆಚ್ಚು, ಉಕ್ಕಿನ ಕೇಸು ಸಾವಿರಗಟ್ಟಲೆ ಹಾರಿಸುವವರಿಗೆ ಅದು ಸ್ವಲ್ಪ ಬೇಗ ಬದಲಿಸಬೇಕಾದ ಭಾಗ. ನಮ್ಮ ಹುಡುಗನಿಗೂ ಇದನ್ನೇ ಬರೆದೆ: ಒಂದು ಕೊಕ್ಕೆ, ಒಂದು ಸ್ಪ್ರಿಂಗ್ ತಂದಿಟ್ಟುಕೋ, ಪಿಸ್ತೂಲಿನ ಕೈಪಿಡಿ ಏನು ಹೇಳುತ್ತದೆ ಓದು, ನಿನ್ನ ರೇಂಜಿನವರು ಆಯಸ್ಕಾಂತಕ್ಕೆ ಅಂಟುವ ಗುಂಡನ್ನು ಒಳಗೆ ಬಿಡುತ್ತಾರೋ ಕೇಳು. ಅಲ್ಲಿ ಅನೇಕ ರೇಂಜುಗಳವರು ಬಿಡುವುದಿಲ್ಲ, ಉಕ್ಕು ತಗುಲಿ ಹಿಂದಿನ ತಡೆಗೋಡೆಯಲ್ಲಿ ಕಿಡಿ ಏಳುತ್ತದೆ.

ತೊಳೆಯುವ ಕ್ರಮ

ಹಳೆಯ ಸೇನಾ ದಾಸ್ತಾನಿನ ಕಾಡತೂಸುಗಳ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ, ಅಡುಗೆ ಉಪ್ಪಿನ ದಾಯಾದಿ. ಗಾಳಿಯ ತೇವ ಹೀರಿ ರಾತ್ರಿ ಬೆಳಗಾಗುವುದರೊಳಗೆ ನಳಿಕೆಗೆ ತುಕ್ಕು ತರಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಸಾರಿನಲ್ಲಿ ಕರಗುತ್ತದೆ. ಆದ್ದರಿಂದ ಅಂಥ ಕಾಡತೂಸು ಹಾರಿಸಿದ್ದರೆ ಬಿಚ್ಚಿದ ನಳಿಕೆಗೆ ಮೊದಲು ಬಿಸಿನೀರು, ಪೂರಾ ಒಣಗಿಸುವುದು, ಆಮೇಲೆ ಎಣ್ಣೆ. ಈಗಿನ ಪ್ರೈಮರುಗಳಲ್ಲಿ ಈ ಕಾಟ ಸಾಮಾನ್ಯವಾಗಿ ಇಲ್ಲ, ನೀರಿನ ಹಂತ ಬಿಡಬಹುದು.

ಉಳಿದದ್ದು ಎಲ್ಲ ಕಾಡತೂಸಿಗೂ ಒಂದೇ. ಕೈಪಿಡಿಯಲ್ಲಿ ತೋರಿಸಿದಷ್ಟೇ ಬಿಚ್ಚಿ. ಚೇಂಬರಿನ ಕಡೆಯಿಂದ, ಮಸಿ ಕರಗಿಸುವ ಸಾಲ್ವೆಂಟ್‌ನಲ್ಲಿ ಅದ್ದಿದ ಬ್ರಷ್ಷನ್ನು ಹತ್ತು ಹದಿನೈದು ಬಾರಿ ಆಡಿಸಿ, ಚೇಂಬರಿನಲ್ಲಿ ಬ್ರಷ್ಷನ್ನು ತಿರುಗಿಸಿ ಉಜ್ಜಿ, ಉಕ್ಕಿನ ಕೇಸಿನ ಮಸಿ ಅಲ್ಲೇ ಕೂರುವುದು. ಆಮೇಲೆ ಚಿಂದಿ. ರೈಫಲಿಗೆ ಒಣಗಿಸುವ ಚಿಂದಿ ನಾಲ್ಕು ಅಂಗುಲಕ್ಕೆ ಎರಡು, ಎಣ್ಣೆಯದು ನಾಲ್ಕಕ್ಕೆ ಒಂದೂವರೆ ಎಂದು ಎನ್‌ಸಿಸಿ ಹುಡುಗರಿಗೂ ಬಾಯಿಪಾಠ. ಪಿಸ್ತೂಲಿಗೆ ಅದಕ್ಕಿಂತ ಚಿಕ್ಕದು ಸಾಕು. ಚಿಂದಿ ಬಿಳಿಯಾಗಿ ಹೊರಬರುವವರೆಗೆ ಬಿಡಬೇಡಿ. ಕೊನೆಗೆ ಬಂದೂಕಿನ ಎಣ್ಣೆ, ಅದೂ ಬೆರಳಿಗೆ ಜಿಡ್ಡು ಹತ್ತುವಷ್ಟೇ. ನಮ್ಮ ಬೇಸಿಗೆಯಲ್ಲಿ ಪಾದರಸ 42 ಮುಟ್ಟುವಾಗ ಹೆಚ್ಚಿನ ಎಣ್ಣೆ ಹರಿದು, ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ನಿನ ತೂತಿಗೆ ಇಳಿಯುತ್ತದೆ, ಹೊಲದ ದೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಕುಸುಬೆ, ಅಗಸೆ ಎಣ್ಣೆಗಳ ಹೆಸರೇ ಎತ್ತಬೇಡಿ.

ಇಡುವುದು, ಠಾಣೆಗೆ ಒಪ್ಪಿಸುವುದು

ತೊಗಲಿನ ಚೀಲದಲ್ಲಿ ಪಿಸ್ತೂಲನ್ನಾಗಲಿ ಕಾಡತೂಸನ್ನಾಗಲಿ ತಿಂಗಳುಗಟ್ಟಲೆ ಇಡಬೇಡಿ. ತೊಗಲು ತೇವ ಹಿಡಿಯುತ್ತದೆ, ಹದ ಮಾಡಿದ ರಾಸಾಯನಿಕ ಹಿತ್ತಾಳೆಗೆ ಹಸಿರು ಕಿಲುಬು ತರುತ್ತದೆ, ಲೇಪ ಗೀಚಿಹೋದ ಉಕ್ಕಿಗೆ ತುಕ್ಕು. ಭೀಮಾ ತೀರದ ಯಾದಗಿರಿ ಕಡೆಯವರು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ಒರೆಸಿದರೆ ಒಳ್ಳೆಯದು.

ಚುನಾವಣೆ ಘೋಷಣೆಯಾದಾಗ ಆಯುಧ ಒಪ್ಪಿಸುವಂತೆ ನೋಟಿಸು ಬರುತ್ತದೆ. ಎಷ್ಟೋ ಪಿಸ್ತೂಲುಗಳು ಸವೆಯುವುದಕ್ಕಿಂತ ಹೆಚ್ಚಾಗಿ ಕೆಡುವುದು ಆ ಎರಡು ತಿಂಗಳಲ್ಲಿ. ಒಪ್ಪಿಸುವ ಹಿಂದಿನ ದಿನ ಮೇಲಿನ ಕ್ರಮದಲ್ಲಿ ಸ್ವಚ್ಛ ಮಾಡಿ, ನಳಿಕೆಗೆ ಈ ಸಲ ಮಾತ್ರ ಎಣ್ಣೆ ಸ್ವಲ್ಪ ಧಾರಾಳವಾಗಿ ಬಳಿಯಿರಿ, ತೊಗಲಿನ ಚೀಲ ಬಿಟ್ಟು ಎಣ್ಣೆಬಟ್ಟೆಯಲ್ಲಿ ಸುತ್ತಿ ಕೊಡಿ. ರಸೀದಿಯಲ್ಲಿ ಆಯುಧದ ನಂಬರ್ ಜೊತೆ ಕಾಡತೂಸಿನ ಎಣಿಕೆಯನ್ನೂ ಬರೆಸಿಕೊಳ್ಳಿ. ಮರಳಿ ಪಡೆದ ಮೇಲೆ ಖಾಲಿ ಇದೆಯೆಂದು ಖಾತರಿ ಮಾಡಿಕೊಂಡು, ನಳಿಕೆಯ ಎಣ್ಣೆಯನ್ನು ಒಣ ಚಿಂದಿಯಿಂದ ತೆಗೆಯುವ ಮೊದಲು ಕಾಡತೂಸು ತುಂಬಬೇಡಿ.

ಆ ಗುತ್ತಿಗೆದಾರರ ಪಿಸ್ತೂಲನ್ನು ಪರವಾನಗಿ ಇರುವ ಅಂಗಡಿಯವರು ಸಾಲ್ವೆಂಟಿನಲ್ಲಿ ಒಂದು ರಾತ್ರಿ ನೆನೆಸಿ ಬಿಡಿಸಿಕೊಟ್ಟರು. ಒಂದು ಭಾಗವನ್ನೂ ಬದಲಿಸಬೇಕಾಗಲಿಲ್ಲ. ಈ ಸಲದ ಎಳ್ಳ ಅಮಾವಾಸ್ಯೆಗೆ ಅವರು ಗಾಣದ ಕುಸುಬೆ ಎಣ್ಣೆಯ ದೊಡ್ಡ ಡಬ್ಬಿಯೊಂದನ್ನು ನಮ್ಮ ಮನೆಗೇ ಕಳಿಸಿದ್ದರು. ಭಜ್ಜಿಯ ಒಗ್ಗರಣೆಗೆ ಹಾಕಿದೆವು.